ಟ್ರಂಕಿನ ಒಳಮೈ

ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತದೆ. ಮದುವೆಯ ಊಟವಿರಲಿ, ನೆರೆಮನೆಯವರ ಹೊಸ ಪಡದೆಯಿರಲಿ, ಮನಸ್ಸಿನಲ್ಲೇ ಅಂಕ ಹಾಕುತ್ತೇನೆ. ವಿಮರ್ಶೆ ಎಂದರೆ ಕಥೆ, ಕಾದಂಬರಿಗಳಿಗಷ್ಟೇ ಮೀಸಲು ಎಂದು ದೊಡ್ಡವರು ಹೇಳಬಹುದು. ಇಂದು ನಾನು ವಿಮರ್ಶೆಗೆ ತೆಗೆದುಕೊಂಡಿರುವುದು ಒಂದು ಟ್ರಂಕನ್ನು.

ಅದು ನಮ್ಮ ಅಪ್ಪನ ಫೌಜಿನ ಟ್ರಂಕು. ಕರಿ ಬಣ್ಣದ ಕಬ್ಬಿಣದ ತಗಡು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹುದ್ದೆ, ಹೆಸರು. ಬೆಳಗಾವಿ ಕಡೆಯ ಸಿಪಾಯಿ ಮನೆಗಳಲ್ಲಿ ಇಂಥದನ್ನು ನೀವೂ ನೋಡಿರಬೇಕು. ಈಗ ಅದು ಬೆಂಗಳೂರಿನಲ್ಲಿ ನನ್ನ ತಮ್ಮನ ಮಗನ ಮನೆಯಲ್ಲಿ ಸಿಗಾರ್ ಇಡುವ ಪೆಟ್ಟಿಗೆಯಾಗಿದೆ. ಆ ಪೆಟ್ಟಿಗೆಗೆ ಹ್ಯುಮಿಡರ್ ಎನ್ನುತ್ತಾರಂತೆ. ಹುಡುಗ ಕೆಲವು ವರ್ಷ ಅಮೆರಿಕದಲ್ಲಿದ್ದ. ಅಲ್ಲಿ ಹಳೆಯ ಸೈನಿಕ ಪೆಟ್ಟಿಗೆಗಳನ್ನು ಹೀಗೆ ಮಾರ್ಪಡಿಸುವ ಹವ್ಯಾಸದವರಿಂದ ಕಲಿತು ಬಂದಿದ್ದಾನೆ.

“ಅತ್ಯಾ, ಒಮ್ಮೆ ಬಂದು ನೋಡ್ರಿ. ಅಜ್ಜಾನ ಟ್ರಂಕು ಹೆಂಗ ಮಾಡೇನಿ” ಎಂದು ಫೋನಿನಲ್ಲಿ ಕರೆದ. ದಸರಾ ರಜೆಯಲ್ಲಿ ಹೋದೆ.

ಸಿಗಾರ್ ಸೇದುವುದು ಒಳ್ಳೆಯದಲ್ಲ ಎಂದು ಹೋದ ಕೂಡಲೇ ಹೇಳಿದೆ. ಅವನು ನಕ್ಕ. ಅದನ್ನು ಅಲ್ಲಿಗೇ ಬಿಟ್ಟು ಕೆಲಸ ಹೇಗಾಗಿದೆ ಎಂದು ನೋಡುತ್ತ ಕುಳಿತೆ. ನೋಡುತ್ತ ಹೋದಂತೆ ಗೌರವ ಹೆಚ್ಚಿತು ಎಂದು ಒಪ್ಪಿಕೊಳ್ಳಲೇಬೇಕು.

ಸಿಗಾರ್ ಎಂದರೆ ಎಲೆಯ ಮೇಲೆ ಎಲೆ ಸುತ್ತಿದ್ದು. ಗಾಳಿ ಒಣಗಿದರೆ ಹೊರಗಿನ ಎಲೆ ಬಿರಿಯುತ್ತದೆ, ಹಸಿ ಹೆಚ್ಚಾದರೆ ಬೂಸರು ಹಿಡಿಯುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗಿನ ತೇವ ನೂರಕ್ಕೆ 65ರಿಂದ 70ರ ಆಸುಪಾಸು, ಶಾಖ 18ರಿಂದ 21 ಡಿಗ್ರಿ ಇದ್ದರೆ ಚೆಂದ. ಶಾಖ 25 ಡಿಗ್ರಿ ಸಮೀಪಿಸಿತೆಂದರೆ ತಂಬಾಕಿನ ಹುಳದ ಮೊಟ್ಟೆ ಒಡೆಯುವ ಭಯ. ಕಬ್ಬಿಣದ ಟ್ರಂಕು ಇದಕ್ಕೆಲ್ಲ ಹೇಳಿ ಮಾಡಿಸಿದ್ದಲ್ಲ. ಬಿಸಿಲಿಗೆ ಬೇಗ ಕಾಯುತ್ತದೆ, ತಂಪಿಗೆ ಬೆವರುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ, ಮುಚ್ಚಳ ಎಂದೂ ಬಿಗಿಯಾಗಿ ಕೂಡುವುದಿಲ್ಲ.

ಹುಡುಗ ಇದನ್ನೆಲ್ಲ ಯೋಚಿಸಿದ್ದಾನೆ. ತಗಡಿಗೆ ನೇರವಾಗಿ ಹಲಗೆ ಬಡಿದಿಲ್ಲ. ಟ್ರಂಕಿನೊಳಗೆ ಬೇರೆಯೇ ಒಂದು ಮರದ ಪೆಟ್ಟಿಗೆ ಕೂಡಿಸಿ, ಅದರ ಮುಚ್ಚಳದ ಸುತ್ತ ರಬ್ಬರಿನ ಪಟ್ಟಿ ಹಾಕಿದ್ದಾನೆ. ಒಣ ಹಲಗೆ ಸಿಗಾರಿನ ತೇವವನ್ನೇ ಹೀರಿಕೊಳ್ಳುತ್ತದೆಂದು, ಮೊದಲು ಕೆಲವು ದಿನ ಬರಿ ಪೆಟ್ಟಿಗೆಯಲ್ಲಿ ಡಿಸ್ಟಿಲ್ಡ್ ನೀರಿನ ಬಟ್ಟಲಿಟ್ಟು ಮರಕ್ಕೆ ತೇವ ಕುಡಿಸಿದ್ದಾನೆ. ಎ.ಸಿ. ಇರುವ ಕೋಣೆಯ ಮೂಲೆಯಲ್ಲಿ ಅದಕ್ಕೆ ಜಾಗ.

ತೇವ ಅಳೆಯುವ ಮಾಪಕ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ವಿಧಾನವಂತೂ ನನಗೆ ಬಹಳ ಹಿಡಿಸಿತು. ಬಾಟಲಿಯ ಬಿರಡೆಯಲ್ಲಿ ಉಪ್ಪು ಹಾಕಿ, ಒದ್ದೆಯಾಗುವಷ್ಟು ನೀರು ಬಿಟ್ಟು, ಮಾಪಕದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು. ಒಂದು ದಿನದ ನಂತರ ಮುಳ್ಳು 75ರ ಮೇಲೆ ನಿಂತಿರಬೇಕು. ಏಳನೇ ಇಯತ್ತೆಯ ಮಕ್ಕಳಿಗೆ ಮಾಡಿ ತೋರಿಸಬಹುದಾದ ಪ್ರಯೋಗ.

ಮರ ಸ್ಪ್ಯಾನಿಷ್ ಸೀಡರ್. ಹೆಸರಿಗೆ ಸ್ಪೇನಿನದು, ಬೆಳೆಯುವುದು ಅಮೆರಿಕ ಖಂಡದ ಬಿಸಿಲುನಾಡುಗಳಲ್ಲಿ. ಹೆಸರಿಗೆ ಸೀಡರ್, ಕುಲದಲ್ಲಿ ನಮ್ಮ ಬೇವಿನ ಬಳಗ. ಅದರ ವಾಸನೆಗೆ ಹುಳ ದೂರವಿರುತ್ತದೆಂದು ನಂಬಿಕೆ. ನಮ್ಮ ದೇಶದ ತೂನ್ ಮರವೂ ಅದೇ ಬಳಗದ್ದು, ಅದರಿಂದಲೂ ಸಿಗಾರಿನ ಪೆಟ್ಟಿಗೆ ಮಾಡುವುದುಂಟು. ದುಬಾರಿ ಹಲಗೆ ಹೊರಗಿನಿಂದ ತರಿಸುವ ಅಗತ್ಯವಿರಲಿಲ್ಲ ಎಂದು ಒಂದು ಅಂಕ ಕಳೆದೆ. ಟ್ರಂಕು ಬೇಕಾದುದಕ್ಕಿಂತ ದೊಡ್ಡದು. ಅಷ್ಟಗಲ ಮುಚ್ಚಳ ತೆರೆದಾಗಲೆಲ್ಲ ಕಾಪಾಡಿದ ತೇವ ಹೊರಗೆ ಹೋಗುತ್ತದೆ. ಅದಕ್ಕೊಂದು ಅಂಕ. ಉಳಿದಂತೆ ಮೊದಲ ದರ್ಜೆ.

ಬೇವು ಎಂದೆನಲ್ಲ, ಅಲ್ಲಿಗೇ ನನ್ನ ಮನಸ್ಸು ತಡೆಯಿತು. ಅವ್ವ ಆ ಟ್ರಂಕಿನಲ್ಲಿ ಬೇವಿನ ಸೊಪ್ಪು ಹಾಸಿ ಮೇಲೆ ಸೀರೆ ಮಡಚಿಡುತ್ತಿದ್ದಳು.

ಅಪ್ಪ ಆ ಟ್ರಂಕನ್ನು ಫೌಜಿನಲ್ಲಿ ಹೊತ್ತದ್ದು ಹನ್ನೆರಡು ವರ್ಷ. ಆಮೇಲೆ ಹೊಸದೊಂದು ತೆಗೆದುಕೊಂಡು ಇದನ್ನು ಮನೆಯಲ್ಲಿ ಬಿಟ್ಟು ಹೋದ. ಅಂದಿನಿಂದ ನಲವತ್ತು ವರ್ಷ ಅದು ಅವ್ವನ ಟ್ರಂಕು. ಅಪ್ಪನ ಮನಿಆರ್ಡರಿನ ಚೀಟಿ, ನಮ್ಮ ಜಾತಕ, ರೇಷನ್ ಕಾರ್ಡು, ಒಂದು ಜೊತೆ ಬೆಳ್ಳಿ ಕಾಲುಂಗುರ, ಎಲ್ಲ ಅದರಲ್ಲೇ. ಮುಚ್ಚಳದ ಒಳಮೈಗೆ ಗೋಧಿಹಿಟ್ಟಿನ ಅಂಟಿನಿಂದ ಹಳೆಯ ಕ್ಯಾಲೆಂಡರಿನ ಹಾಳೆ ಹಚ್ಚಿದ್ದಳು. ಅದರ ಮೇಲೆ ಪೆನ್ಸಿಲಿನಿಂದ ಲೆಕ್ಕ. ಅವ್ವ ಕಲಿತದ್ದು ಎರಡನೇ ಇಯತ್ತೆ, ಅಂಕಿ ಮಾತ್ರ ಮುತ್ತಿನಂತೆ ಬರೆಯುತ್ತಿದ್ದಳು. ಮನಿಆರ್ಡರು ಸಾಲದ ತಿಂಗಳುಗಳಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಗೆ ಕೂಲಿಗೆ ಹೋಗುತ್ತಿದ್ದಳು. ಆ ಕೂಲಿಯ ಲೆಕ್ಕವೂ ಅಲ್ಲೇ ಇತ್ತು. ನನ್ನ ಬಿ.ಎಡ್. ಫೀಸಿನ ಮೊತ್ತ ಎಲ್ಲಕ್ಕಿಂತ ಕೆಳಗೆ, ಎರಡು ಗೆರೆ ಎಳೆದು.

ನಿಪ್ಪಾಣಿಯದು ಬೀಡಿ ತಂಬಾಕು, ಸಿಗಾರಿನದಲ್ಲ. ಎಲೆ ಬಡಿದು, ಜರಡಿ ಹಿಡಿಯುವಾಗ ಏಳುವ ಧೂಳು ಕಂಡವರಿಗೇ ಗೊತ್ತು. ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕೆಲಸ ಮಾಡುತ್ತಿದ್ದರು. ಅವ್ವನ ಕೆಮ್ಮು ಕೊನೆಯವರೆಗೂ ಹೋಗಲಿಲ್ಲ. ಆ ವಖಾರಿಯ ಗಾಳಿಗೆ ಯಾರೂ ಮಾಪಕ ಇಟ್ಟಿರಲಿಲ್ಲ. ಈಗ ಅವಳದೇ ಟ್ರಂಕಿನಲ್ಲಿ ಇಪ್ಪತ್ತು ಸಿಗಾರಿಗೆ ಗಾಳಿಯನ್ನು ಅಳೆದು ಕೊಡುವುದನ್ನು ನೋಡಿ ನನಗೆ ಸಿಟ್ಟು ಬಂತೋ ನಗು ಬಂತೋ ಹೇಳಲಾರೆ.

“ಮುಚ್ಚಳದಾಗಿನ ಹಾಳಿ ಎಲ್ಲಿ ಹೋತೋ?” ಎಂದು ಕೇಳಿದೆ.

“ಯಾವ ಹಾಳಿ ಅತ್ಯಾ? ಹಳೇ ಪೇಪರ್ ಏನೋ ಇತ್ತು, ಉಜ್ಜಿ ತೆಗಸಿದೆ. ಒಳಗ ಡಾಂಬರ ಗುಳಿಗಿ ವಾಸನಿ ಭಾಳ ಇತ್ತು. ಸಿಗಾರು ವಾಸನಿ ಹೀರ್ತದ.”

ಅವನ ಮಾತಿನಲ್ಲಿ ತಪ್ಪಿಲ್ಲ. ಸಿಗಾರು ಪಕ್ಕದ ವಾಸನೆಯನ್ನು ಎಳೆದುಕೊಳ್ಳುತ್ತದೆ. ಡಾಂಬರ ಗುಳಿಗೆ, ಹಿಟ್ಟಿನ ಅಂಟು, ಹಳೆಯ ಕಾಗದ ಯಾವುದೂ ಅಲ್ಲಿರಕೂಡದು. ಕೆಲಸದ ದೃಷ್ಟಿಯಿಂದ ಒಳಮೈ ಉಜ್ಜಲೇಬೇಕಿತ್ತು. ಆದರೆ ಹೊರಮೈ? ಅಲ್ಲಿ ಒಂದು ಗೀರನ್ನೂ ಮುಟ್ಟಿಲ್ಲ. ರೈಲಿನಲ್ಲಿ ಜಜ್ಜಿದ ಮೂಲೆ, ಅಪ್ಪನ ನಂಬರು, ಸವೆದ ಬಣ್ಣ, ಎಲ್ಲವನ್ನೂ ಜೋಪಾನವಾಗಿ ಉಳಿಸಿ ಮೇಲೊಂದು ಹಿತ್ತಾಳೆಯ ಪಟ್ಟಿ ಜಡಿದಿದ್ದಾನೆ. ಅದರ ಮೇಲೆ ಅಜ್ಜನ ಹೆಸರು, ಪಲ್ಟನ್ನಿನ ಹೆಸರು.

ನನ್ನ ತಕರಾರು ಇಷ್ಟೇ. ಹೊರಗಿನ ಹಳೆಯದು ಅವನಿಗೆ ಇತಿಹಾಸವಾಗಿ ಕಂಡಿತು, ಒಳಗಿನ ಹಳೆಯದು ಕಸವಾಗಿ ಕಂಡಿತು. ಹನ್ನೆರಡು ವರ್ಷಕ್ಕೆ ಹಿತ್ತಾಳೆ, ನಲವತ್ತು ವರ್ಷಕ್ಕೆ ಉಜ್ಜುವ ಕಾಗದ. ಉಜ್ಜುವ ಮೊದಲು ಒಂದು ಫೋಟೋ ತೆಗೆದಿದ್ದರೆ ಸಾಕಾಗಿತ್ತು, ಜೇಬಿನಲ್ಲೇ ಇರುವ ಫೋನಿನಿಂದ. ಅವನೊಬ್ಬನನ್ನೇ ಏಕೆ ಅನ್ನಲಿ? ಟ್ರಂಕು ಕೊಟ್ಟು ಕಳಿಸುವಾಗ ನನಗೂ ನನ್ನ ತಮ್ಮನಿಗೂ ಆ ಹಾಳೆಯ ನೆನಪಾಗಲಿಲ್ಲ. “ಅಪ್ಪನ ಟ್ರಂಕು” ಎಂದೇ ನಾವೂ ಹೇಳಿ ಕಳಿಸಿದ್ದೆವು.

ಪೆಟ್ಟಿಗೆಗೆ ಬೆಲೆ ಬರುವುದು ಮರದಿಂದಷ್ಟೇ ಅಲ್ಲ. 1961ರಲ್ಲಿ ಅಧ್ಯಕ್ಷ ಕೆನಡಿಗೆ ಹಾಸ್ಯನಟ ಮಿಲ್ಟನ್ ಬರ್ಲ್ ಒಂದು ಹ್ಯುಮಿಡರ್ ಕೊಟ್ಟಿದ್ದರು, ಹೆಸರು, ತಾರೀಖು ಕೆತ್ತಿದ ಪಟ್ಟಿಯೊಂದಿಗೆ. 1996ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 5,74,500 ಡಾಲರಿಗೆ ಹೋಯಿತು. ಕೊಂಡವರು ಹಲಗೆಗೆ ಅಷ್ಟು ಹಣ ಕೊಡಲಿಲ್ಲ, ಪೆಟ್ಟಿಗೆ ಯಾರದಾಗಿತ್ತು ಎಂಬುದಕ್ಕೆ ಕೊಟ್ಟರು. ಹಾಗಿದ್ದ ಮೇಲೆ ಯಾರ ಹೆಸರು ಬರೆಯುತ್ತೇವೆ ಎಂಬುದು ಸಣ್ಣ ಮಾತಲ್ಲ. ನಿಮ್ಮ ಮನೆಯಲ್ಲೂ ಅಜ್ಜನ ಕುರ್ಚಿ, ಮಾವನವರ ಕಪಾಟು ಎಂದು ಕರೆಸಿಕೊಳ್ಳುವ ವಸ್ತುಗಳಿರುತ್ತವೆ. ಅವನ್ನು ಒರೆಸಿ, ತುಂಬಿ, ತೆರವು ಮಾಡಿ ಕಾಪಾಡಿದ ಕೈ ಯಾರದೆಂದು ಒಮ್ಮೆ ನೋಡಿ.

ಹೊರಡುವಾಗ ಹುಡುಗನಿಗೆ ಹೇಳಿದೆ: “ಮರದ ಮುಚ್ಚಳದ ಒಳಗ ಅಜ್ಜಿ ಹೆಸರು ಕೆತ್ತಸು. ಬಣ್ಣ ಬ್ಯಾಡ, ವಾಸನಿ ಹಿಡೀತದ. ಬರೇ ಉಳಿಯಿಂದ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಿ ತಂಬಾಕಿನ ಕೆಲಸಕ್ಕ ಹೋಗ್ತಿದ್ದಳೇನ್ರಿ? ನನಗ ಯಾರೂ ಹೇಳೇ ಇಲ್ಲ” ಎಂದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಇನ್ನೂ ಕೆತ್ತಿಸಿಲ್ಲ, ಒಳ್ಳೆಯ ಬಡಗಿ ಸಿಗುತ್ತಿಲ್ಲವಂತೆ. ಫೋನು ಮಾಡಿದಾಗಲೆಲ್ಲ ನಾನು ಎರಡು ಪ್ರಶ್ನೆ ಕೇಳುತ್ತೇನೆ. ತೇವ ಎಷ್ಟಿದೆ? ಹೆಸರು ಬರೆಸಿದೆಯಾ? ಮೊದಲನೆಯದಕ್ಕೆ ಉತ್ತರ ಥಟ್ಟನೆ ಬರುತ್ತದೆ. ಎರಡನೆಯದು ಬರುವವರೆಗೆ ಅಂಕಪಟ್ಟಿಯನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.