ಗುಪ್ತಪದ ಸರಿ, ಕೋಷ್ಟಕ ಬೇರೆ!

ಲಿನಕ್ಸ್ ಗಣಕವನ್ನು ಚಾಲೂ ಮಾಡುತ್ತೀರಿ. ಗೂಢಲಿಪಿಯಲ್ಲಿರುವ ಡಿಸ್ಕನ್ನು ತೆರೆಯಲು ಅದು ಗುಪ್ತಪದ ಕೇಳುತ್ತದೆ. ಸರಿಯಾಗಿ ಒತ್ತಿದರೂ ‘ತಪ್ಪು’ ಎಂಬ ಉತ್ತರ! ಮರೆತೇಹೋಯಿತೆಂದು ಡಿಸ್ಕನ್ನು ಅಳಿಸಿದರೆ ಅದರಲ್ಲಿದ್ದ ಮಾಹಿತಿ ಮರಳಿ ಬಾರದು. ಆದರೆ ತಪ್ಪು ನಿಮ್ಮದಲ್ಲದಿರಬಹುದು.

ಕೀಲಿಮಣೆ ಅಕ್ಷರವನ್ನು ಕಳಿಸುವುದಿಲ್ಲ. ಒತ್ತಿದ ಕೀಲಿಯ ಸ್ಥಾನವನ್ನು ಸೂಚಿಸುವ ಸಂಖ್ಯೆಯನ್ನಷ್ಟೇ ಕಳಿಸುತ್ತದೆ. ಅದನ್ನು ಅಕ್ಷರವಾಗಿಸುವುದು ತಂತ್ರಾಂಶದಲ್ಲಿರುವ ಕೋಷ್ಟಕ. ಅಮೆರಿಕನ್ ವಿನ್ಯಾಸಕ್ಕೆ ಹೋಲಿಸಿದರೆ ಜರ್ಮನ್ ಕೀಲಿಮಣೆಯಲ್ಲಿ ವೈ ಮತ್ತು ಝೆಡ್ ಅದಲುಬದಲಾಗಿವೆ. ಫ್ರೆಂಚ್ ಕೀಲಿಮಣೆಯಲ್ಲಿ ಎ ಮತ್ತು ಕ್ಯೂ ಅದಲುಬದಲು. ಅಂಕಿಗಳಿಗೆ ಶಿಫ್ಟ್ ಒತ್ತಬೇಕು. ನಮ್ಮಲ್ಲಿ ಅಮೆರಿಕನ್ ವಿನ್ಯಾಸವೇ ಹೆಚ್ಚು ಬಳಕೆಯಲ್ಲಿರುವುದರಿಂದ ಈ ತೊಂದರೆ ಅಷ್ಟಾಗಿ ಕಾಣದು. ಜರ್ಮನಿಗೆ ಓದಲು ಹೋಗಿ ಅಲ್ಲಿಯೇ ಲ್ಯಾಪ್‌ಟಾಪ್ ಕೊಂಡ ವಿದ್ಯಾರ್ಥಿಗೆ ಇದು ಎದುರಾಗಬಹುದು.

ಚಾಲೂ ಆಗುವಾಗ ಕೋಷ್ಟಕ ಒಂದೇ ಇರುವುದಿಲ್ಲ. ಮೊದಲು ಬರುವ ಗ್ರಬ್ ಸಾಮಾನ್ಯವಾಗಿ ಅಮೆರಿಕನ್ ವಿನ್ಯಾಸವನ್ನೇ ನಂಬುತ್ತದೆ. ನಂತರದ್ದು ಇನಿಟ್‌ರ್ಯಾಮ್‌ಎಫ್ಎಸ್ ಎಂಬ ತಾತ್ಕಾಲಿಕ ವ್ಯವಸ್ಥೆ. ನೀವು ಆರಿಸಿಕೊಂಡ ವಿನ್ಯಾಸದ ವಿವರ ಇರುವುದು ಇನ್ನೂ ತೆರೆಯದ ಡಿಸ್ಕಿನಲ್ಲಿ. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟಂತೆ! ಆದ್ದರಿಂದ ಕೋಷ್ಟಕದ ಪ್ರತಿಯನ್ನು ಇನಿಟ್‌ರ್ಯಾಮ್‌ಎಫ್ಎಸ್‌ನಲ್ಲಿ ಮೊದಲೇ ಸೇರಿಸಿರಬೇಕು. ಡೆಬಿಯನ್‌ನಲ್ಲಿ ವಿನ್ಯಾಸ ಬದಲಿಸಿ ಇದನ್ನು ಮತ್ತೆ ನಿರ್ಮಿಸದಿದ್ದರೆ ಹಳೆಯ ಕೋಷ್ಟಕವೇ ಉಳಿದೀತು. ಆರ್ಚ್‌ನಲ್ಲಿ ಕೋಷ್ಟಕ ತುಂಬುವ ಹಂತವನ್ನು ಡಿಸ್ಕ್ ತೆರೆಯುವ ಹಂತಕ್ಕಿಂತ ಮೊದಲು ಇಡಬೇಕು.

ಈ ಪ್ರತ್ಯೇಕ ಹಂತಗಳು ಅನಿವಾರ್ಯವೆಂದು ಒಪ್ಪೋಣ. ಆದರೆ ಯಾವ ಕೋಷ್ಟಕ ಬಳಕೆಯಲ್ಲಿದೆ ಎಂಬುದನ್ನು ತಿಳಿಸದೆ ‘ತಪ್ಪು’ ಎನ್ನುವುದು ವಿನ್ಯಾಸದ ದೋಷ. ಒತ್ತಿದ ಅಕ್ಷರಗಳನ್ನು ಮರೆಮಾಡುವುದು ಭದ್ರತೆಗಾಗಿ. ಕೋಷ್ಟಕದ ಹೆಸರನ್ನು ಮರೆಮಾಡುವುದರಿಂದ ಯಾವ ಭದ್ರತೆಯೂ ಹೆಚ್ಚುವುದಿಲ್ಲ. ಪ್ಲಿಮತ್ ಎಂಬ ಆರಂಭ ಪರದೆಯ ಕೆಲವು ವಿನ್ಯಾಸಗಳು ಕೀಲಿಮಣೆಯ ಗುರುತನ್ನು ತೋರಿಸುತ್ತವೆ. ಇದು ಮೆಚ್ಚತಕ್ಕದ್ದು, ಎಲ್ಲೆಡೆ ಇರಬೇಕಾದದ್ದು.

ಅಲ್ಲಿಯವರೆಗೆ ನೀವೇ ಎಚ್ಚರ ವಹಿಸಿ. ಲಕ್ಸ್ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿ ಒಂದೇ ಡಿಸ್ಕಿಗೆ 8, ಎರಡನೆಯದರಲ್ಲಿ 32 ಗುಪ್ತಪದಗಳವರೆಗೆ ಅವಕಾಶವಿದೆ. ಅದೇ ಕೀಲಿಗಳು ಅಮೆರಿಕನ್ ವಿನ್ಯಾಸದಲ್ಲಿ ಕೊಡುವ ಪದವನ್ನೂ ಸೇರಿಸಿಕೊಳ್ಳಿ. ಅಥವಾ ಎಲ್ಲ ವಿನ್ಯಾಸಗಳಲ್ಲೂ ಸ್ಥಾನ ಬದಲಿಸದ ಅಕ್ಷರಗಳನ್ನಷ್ಟೇ ಬಳಸಿ. ಆಗ ಆಯ್ಕೆ ಕಿರಿದಾಗುವುದರಿಂದ ಗುಪ್ತಪದ ಉದ್ದವಾಗಿರಲಿ.