ನಾಗರಹೊಳೆಯ ಆನೆ ಸಫಾರಿ

ಕುಟ್ಟದ ಬಳಿಯ ನಾಣಚ್ಚಿ ಗೇಟಿನಿಂದ ನಾಗರಹೊಳೆಗೆ ಹೋಗುವ ಸಫಾರಿ, ಕೊಡಗಿನ ಕಡೆಯಿಂದ ಕಾಡಾನೆ ನೋಡಲು ಇರುವ ಮುಖ್ಯ ದಾರಿ. ಈ ಕಾಡು 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ಯೋಜನೆಗೆ ಸೇರಿತು. ಕೊಡಗು, ಮೈಸೂರು ಜಿಲ್ಲೆಗಳಲ್ಲಿ 643 ಚದರ ಕಿ.ಮೀ. ಹರಡಿರುವ ಇದು ಮೈಸೂರು ಆನೆ ಮೀಸಲಿಗೂ ಸೇರಿದೆ. ಬಂಡೀಪುರ, ಮುದುಮಲೆ, ವಯನಾಡಿನ ಕಾಡುಗಳಿಗೆ ಇದು ಹೊಂದಿಕೊಂಡಿದ್ದು, ಈ ಇಡೀ ಸೀಮೆಯಲ್ಲಿರುವಷ್ಟು ಏಷ್ಯಾದ ಆನೆಗಳು ಜಗತ್ತಿನ ಬೇರಾವ ಕಡೆಯೂ ಒಟ್ಟಿಗೆ ಉಳಿದಿಲ್ಲ. 2023ರ ಗಣತಿಯಂತೆ ಕರ್ನಾಟಕದ ಆನೆಗಳ ಅಂದಾಜು 6,395.

ಈ ಸಫಾರಿಯ ದೊಡ್ಡ ಗುಣ ಅದು ಹಾಕಿಕೊಂಡಿರುವ ಮಿತಿ. ಪ್ರವಾಸಿಗರ ವಾಹನ ಗೊತ್ತಾದ ಕೆಲವೇ ದಾರಿಗಳಲ್ಲಿ ಓಡುತ್ತದೆ. ಕಾಡಿನ ಬಹುಪಾಲು ಅವರ ಕಣ್ಣಿಗೇ ಬೀಳುವುದಿಲ್ಲ. ಇಳಿಯುವಂತಿಲ್ಲ, ತಿನಿಸು ಎಸೆಯುವಂತಿಲ್ಲ, ರಾತ್ರಿ ಕಾಡಿನ ರಸ್ತೆಗೆ ಬೀಗ. ಮರಿಗಳಿರುವ ಹಿಂಡು ನೆಮ್ಮದಿಯಾಗಿ ಮೇಯಲು ಇವೆಲ್ಲ ಬೇಕೇ ಬೇಕು. ಟಿಕೆಟಿಗೆ ಬೇಡಿಕೆ ಹೆಚ್ಚಿತೆಂದು ದಾರಿಗಳನ್ನು ಹೆಚ್ಚಿಸಬಾರದು.

ಕೊರತೆ ಇರುವುದು ನೋಡಿಸುವ ರೀತಿಯಲ್ಲಿ. ಸಫಾರಿ ನಡೆಯುವುದು ಹುಲಿ ಕಾಣುವ ಆಸೆಯ ಮೇಲೆ. ಜಿಂಕೆಯ ಎಚ್ಚರಿಕೆಯ ಕೂಗು ಕೇಳಿದರೆ ಸಾಕು, ಎದುರಿಗೆ ಮೇಯುತ್ತಿರುವ ಆನೆಹಿಂಡನ್ನು ಬಿಟ್ಟು ವಾಹನ ಅತ್ತ ಓಡುತ್ತದೆ. ಹುಲಿ ಸಿಗದಿದ್ದರೆ ಆನೆ ಸಮಾಧಾನದ ಬಹುಮಾನ. ಆದರೆ ಆನೆ ಅರ್ಥವಾಗುವುದು ನಿಂತು ನೋಡಿದವರಿಗೆ. ನಾಗರಹೊಳೆಯ ವಿಶೇಷವೆಂದರೆ ಹಡ್ಲುಗಳು: ಮರಗಳ ನಡುವಿನ ಜೌಗು ತಗ್ಗುಗಳು, ಬೇಸಗೆಯಲ್ಲೂ ಹಸಿರಾಗಿ ಉಳಿಯುವ ಹುಲ್ಲುನೆಲ. ಹಡ್ಲಿನ ಅಂಚಿನಲ್ಲಿ ಎಂಜಿನ್ ಆರಿಸಿ ಅರ್ಧ ಗಂಟೆ ಕಾದರೆ ಹಿರಿಯ ಹೆಣ್ಣಾನೆ ಮೊದಲು ಹೊರಬಂದು ಗಾಳಿ ಮೂಸುವುದು, ಮರಿಯನ್ನು ನಡುವೆ ಇಟ್ಟುಕೊಂಡು ಉಳಿದವು ಹಿಂಬಾಲಿಸುವುದು, ಹುಲ್ಲಿನ ಬುಡ ಕಿತ್ತು ಮಣ್ಣು ಕೊಡವುವುದು ಕಾಣಸಿಗಬಹುದು. ಹಾಗೆ ಕಾಯುವುದು ಈಗಿನ ಕ್ರಮದಲ್ಲಿಲ್ಲ.

ಕಾಲದ ಮಾತನ್ನೂ ಪ್ರವಾಸಿಗನಿಗೆ ಹೇಳುವವರಿಲ್ಲ. ಮಳೆ ಹಿಡಿದಾಗ ಎಲ್ಲೆಡೆ ನೀರು, ಮೇವು ಇರುವುದರಿಂದ ಹಿಂಡುಗಳು ಚದುರುತ್ತವೆ. ಮಾರ್ಚ್‌ನಿಂದ ಮೇವರೆಗೆ ಕಬಿನಿ ಹಿನ್ನೀರು ಇಳಿದ ಜಾಗದಲ್ಲಿ ಹುಲ್ಲು ಚಿಗುರಿ ನೂರಾರು ಆನೆಗಳು ಸೇರುತ್ತವೆ. ಆ ನೋಟವನ್ನು ಪ್ರಕೃತಿಯ ಸಹಜ ವೈಭವವೆಂದು ಬಣ್ಣಿಸುವುದು ರೂಢಿ. ಅದು 1970ರ ದಶಕದ ಅಣೆಕಟ್ಟಿನ ಫಲ. ಖೆಡ್ಡಾ ನಡೆಸಿ ಆನೆ ಹಿಡಿಯುತ್ತಿದ್ದ ಕಾಕನಕೋಟೆಯ ಕಾಡು ಮುಳುಗಿದ್ದು ಅದೇ ನೀರಿನಲ್ಲಿ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಈ ಕಾಡಿನ ಆನೆಯನ್ನು ತಲೆಮಾರುಗಳಿಂದ ಬಲ್ಲ ಜೇನುಕುರುಬರು ಸಫಾರಿಯ ಕಥನದಲ್ಲಿ ಬರುವುದೇ ಇಲ್ಲ. ಅವರ ಅನೇಕ ಕುಟುಂಬಗಳನ್ನು ಸಂರಕ್ಷಣೆಯ ಹೆಸರಿನಲ್ಲಿ ಹೊರಗೆ ಕಳಿಸಲಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅವರ ವಸತಿಗಳಾದ ಹಾಡಿಗಳ ಹೋರಾಟ ಇನ್ನೂ ನಡೆದಿದೆ. ಹೆಜ್ಜೆ, ಲದ್ದಿ, ಮುರಿದ ಕೊಂಬೆ ನೋಡಿ ಹಿಂಡಿನ ಸುದ್ದಿ ಹೇಳಬಲ್ಲವರು ಮಾರ್ಗದರ್ಶಕರಾಗಿ ಮುಂದೆ ಕೂರಬೇಕು. ಇದು ನ್ಯಾಯವೂ ಹೌದು, ಸಫಾರಿಗೆ ಲಾಭವೂ ಹೌದು.

ಕುಶಾಲನಗರದ ಸಮೀಪ ಕಾವೇರಿ ದಡದ ದುಬಾರೆ ಶಿಬಿರ ಬೇರೆಯದೇ ಅನುಭವ. ಅಲ್ಲಿನವು ಸಾಕಾನೆಗಳು, ಕಾಫಿ ತೋಟಗಳಲ್ಲಿ ಹಾವಳಿ ಮಾಡಿ ಸೆರೆಸಿಕ್ಕು ಮರದ ದೊಡ್ಡಿಯಲ್ಲಿ ಪಳಗಿದವೂ ಅವುಗಳಲ್ಲಿವೆ. ಮಾವುತರ, ಕಾವಾಡಿಗಳ ಪರಿಣತಿ ಅಲ್ಲಿ ಹತ್ತಿರದಿಂದ ಕಾಣುತ್ತದೆ, ಅದು ನಿಜವಾದ ಲಾಭ. ಆದರೆ ಸೊಂಡಿಲು ಮುಟ್ಟಿ ಚಿತ್ರ ತೆಗೆಸಿಕೊಂಡವನಿಗೆ ಆನೆ ಸೌಮ್ಯ ಪ್ರಾಣಿಯೆಂಬ ಧೈರ್ಯ ಬರುತ್ತದೆ. ಮರುದಿನ ತಿತಿಮತಿಯ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಕಾಡಾನೆಯ ಮುಂದೆ ಫೋನ್ ಹಿಡಿಯಲು ಆ ಧೈರ್ಯವೇ ಸಾಕು. ಮುಟ್ಟುವ ಪದ್ಧತಿಯನ್ನು ಪೂರ್ತಿ ನಿಲ್ಲಿಸುವುದೇ ಸರಿ.

ಎರಡೂ ಕಡೆ ಬಿಟ್ಟುಹೋಗುವ ಅಧ್ಯಾಯ ತೋಟದ್ದು. ಸಿದ್ದಾಪುರ, ಅಮ್ಮತ್ತಿ, ಮಾಲ್ದಾರೆಯ ಕಡೆ ಆನೆಗಳು ಕಾಫಿ ತೋಟಗಳಲ್ಲೇ ವಾಸವಾಗಿವೆ. ಹಲಸು, ಬಾಳೆ, ಕೆರೆಯ ನೀರು ಅಲ್ಲೇ ಸಿಗುತ್ತದೆ. ಇತ್ತ ಕಾಡಿನೊಳಗೆ ಲಂಟಾನ ಕಳೆ ಹಬ್ಬಿ ಹುಲ್ಲು ಕುಗ್ಗಿದೆ. ಕಂದಕ, ಸೌರ ಬೇಲಿ, ರೈಲ್ವೆ ಹಳಿಯ ಬೇಲಿ ಎಲ್ಲ ಬಂದರೂ ಲೈನ್‌ಮನೆಯಿಂದ ಬೆಳಗ್ಗೆ ಕೆಲಸಕ್ಕೆ ನಡೆದು ಹೋಗುವ ಕಾರ್ಮಿಕರು ಆನೆಗೆ ಸಿಕ್ಕಿ ಸಾಯುವುದು ನಿಂತಿಲ್ಲ. ಸಫಾರಿಗೆ ಬಂದವರು ತಂಗುವುದು ಬಹುಪಾಲು ಇಂಥ ತೋಟಗಳ ಹೋಂಸ್ಟೇಗಳಲ್ಲೇ. ವಾಹನ ಹೊರಡುವ ಮುನ್ನ ಗೇಟಿನಲ್ಲಿ ಕಾಲು ಗಂಟೆ ಈ ವಿಷಯ ತಿಳಿಸಲು, ಟಿಕೆಟ್ ಹಣದ ಒಂದು ಪಾಲನ್ನು ತೋಟದ ದಾರಿಗಳಲ್ಲಿ ಆನೆ ಇರುವ ಮುನ್ಸೂಚನೆ ಕೊಡುವ ಕೆಲಸಕ್ಕೆ ತೆಗೆದಿಡಲು ಹೊಸ ಕಟ್ಟಡವೇನೂ ಬೇಕಿಲ್ಲ.