ಕರ್ತೃವಿಲ್ಲದ ಅನ್ಯಾಯ

ಎದುರು ಮನೆಯ ಹುಡುಗಿ ಹತ್ತನೆಯ ತರಗತಿಯಲ್ಲಿ ಓದುತ್ತಾಳೆ. ಸಂಧಿ ಸಮಾಸಗಳ ತೊಡಕು ಬಂದಾಗ ನನ್ನಲ್ಲಿಗೆ ಬರುವುದು ವಾಡಿಕೆ. ಮೊನ್ನೆ ಮಾತ್ರ ಅವಳ ಕೈಯಲ್ಲಿದ್ದುದು ಇಂಗ್ಲಿಷಿನ ಅಭ್ಯಾಸ ಪುಸ್ತಕ. "ಸಾರ್, ಇದರಲ್ಲಿ ಮೂರನೆಯ ಪ್ರಶ್ನೆಗೆ ಕೊಟ್ಟಿರುವ ಉತ್ತರ ಸರಿಯಿಲ್ಲ" ಎಂದಳು. ಹದಿನೈದು ಸಾಲಿನ ಒಂದು ಗದ್ಯಭಾಗ. ವಿಷಯ, ಅಮೆರಿಕದ ವರ್ಣಭೇದದ ವಿರುದ್ಧ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಜೀವನ. ಅದರ ಕೆಳಗೆ ಹತ್ತು ಪ್ರಶ್ನೆಗಳು. ಮೂರನೆಯದು, ಕಿಂಗ್ ಅವರು ಯಾರ ವಿರುದ್ಧ ಹೋರಾಡಿದರು ಎಂಬುದು. ಪುಸ್ತಕದ ಕೊನೆಯಲ್ಲಿ ಅಚ್ಚಾಗಿದ್ದ ಉತ್ತರ: ಅನ್ಯಾಯದ ವಿರುದ್ಧ. "ಯಾರ ವಿರುದ್ಧ ಅಂತ ಕೇಳಿದ್ದಾರೆ. ಅನ್ಯಾಯ ಅನ್ನೋದು ಒಬ್ಬ ಮನುಷ್ಯನಾ ಸಾರ್?" ಎಂಬುದು ಹುಡುಗಿಯ ತಕರಾರು.

ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ಶಾಲೆಯ ಅಭ್ಯಾಸ ಪುಸ್ತಕದ ಮಾತೇಕೆ ಎಂದು ವಾಚಕರು ಕೇಳಬಹುದು. ಕಾದಂಬರಿಯನ್ನು ಓದದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕವಿತೆಯನ್ನು ಓದದವರು ಅದಕ್ಕಿಂತಲೂ ಹೆಚ್ಚು. ಆದರೆ "ಕೆಳಗಿನ ಗದ್ಯಭಾಗವನ್ನು ಓದಿ" ಎಂಬ ಆಜ್ಞೆಗೆ ತಲೆಬಾಗದೆ ಶಾಲೆಯನ್ನು ದಾಟಿ ಬಂದವರು ಯಾರಿದ್ದಾರೆ? ಇಷ್ಟು ಜನ, ಇಷ್ಟು ಮನಸ್ಸಿಟ್ಟು, ಒಂದೊಂದು ಪದದ ಮೇಲೂ ಬೆರಳಿಟ್ಟು ಓದುವ ಗದ್ಯ ಬೇರೊಂದಿಲ್ಲ. ಹಾಗಿದ್ದೂ ಯಾವ ವಿಮರ್ಶಕನೂ ಅದನ್ನು ಗದ್ಯವೆಂದು ಎಣಿಸಿ ನೋಡಿದಂತಿಲ್ಲ. ಪುಸ್ತಕದ ಹೆಸರನ್ನು ನಾನು ಹೇಳುವುದಿಲ್ಲ. ಅಂಗಡಿಗೆ ಹೋದರೆ ಅಂಥವು ಹತ್ತು ಸಿಕ್ಕುತ್ತವೆ, ಹತ್ತರ ಬರವಣಿಗೆಯೂ ಒಂದೇ.

ಆ ಹದಿನೈದು ಸಾಲಿನಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ, ಸುಳ್ಳೂ ಇಲ್ಲ. ಕಿಂಗ್ ಅವರು ೧೯೨೯ರಲ್ಲಿ ಅಟ್ಲಾಂಟಾದಲ್ಲಿ ಹುಟ್ಟಿದರು, ಪಾದ್ರಿಯಾದರು, ಗಾಂಧೀಜಿಯವರ ಅಹಿಂಸಾ ಮಾರ್ಗವನ್ನು ಹಿಡಿದರು, ೧೯೬೪ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದರು, ೧೯೬೮ರಲ್ಲಿ ಕೊಲೆಯಾದರು. ಎಲ್ಲವೂ ಸರಿ. ಆದರೆ ವಾಕ್ಯಗಳ ಕಟ್ಟಡವನ್ನು ಸ್ವಲ್ಪ ನೋಡಬೇಕು. ಕಿಂಗ್ ಅವರು ಮಾಡಿದ ಕೆಲಸಗಳೆಲ್ಲ ಕರ್ತರಿ ಪ್ರಯೋಗದಲ್ಲಿವೆ; ಅವರಿಗೂ ಅವರ ಜನಕ್ಕೂ ಆದದ್ದೆಲ್ಲ ಕರ್ಮಣಿ ಪ್ರಯೋಗದಲ್ಲಿದೆ. ಕಪ್ಪು ಜನ ಕೀಳಾಗಿ ನಡೆಸಿಕೊಳ್ಳಲ್ಪಡುತ್ತಿದ್ದರು. ಅವರಿಗೆ ಹಕ್ಕುಗಳು ನಿರಾಕರಿಸಲ್ಪಟ್ಟಿದ್ದವು. ಅವರು ಬಸ್ಸಿನಲ್ಲಿ ಹಿಂದೆ ಕೂರಿಸಲ್ಪಡುತ್ತಿದ್ದರು. ಕೊನೆಗೆ ಕಿಂಗ್ ಅವರೂ ಗುಂಡಿಕ್ಕಿ ಕೊಲ್ಲಲ್ಪಟ್ಟರು. ಯಾರಿಂದ? ಗದ್ಯಭಾಗ ತುಟಿ ಬಿಚ್ಚುವುದಿಲ್ಲ. ಮಳೆ ಬಂದಂತೆ, ಬರ ಬಂದಂತೆ, ಅನ್ಯಾಯವೂ ತಾನಾಗಿಯೇ ಬಂತು.

ಕನ್ನಡದ ಜಾಯಮಾನಕ್ಕೆ ಕರ್ಮಣಿ ಪ್ರಯೋಗ ಅಷ್ಟಾಗಿ ಒಗ್ಗುವುದಿಲ್ಲ ಎಂಬುದನ್ನು ನಾವು ತರಗತಿಯಲ್ಲಿ ಹೇಳಿಕೊಡುತ್ತೇವೆ. ನಮ್ಮ ಜನ "ಹೊಡೆತ ತಿಂದ" ಎನ್ನುತ್ತಾರೆಯೇ ಹೊರತು "ಹೊಡೆಯಲ್ಪಟ್ಟ" ಎನ್ನುವುದಿಲ್ಲ. ಹೊಡೆತ ತಿಂದ ಎಂದೊಡನೆ ಪಕ್ಕದಲ್ಲಿದ್ದವನು "ಯಾರ ಕೈಲಿ?" ಎಂದು ಕೇಳುತ್ತಾನೆ. ಹುಡುಗಿ ಕೇಳಿದ್ದೂ ಇಷ್ಟೇ. ಅವಳು ಕನ್ನಡದ ಕಿವಿಯಿಂದ ಇಂಗ್ಲಿಷನ್ನು ಓದಿದ್ದಳು.

ಈ ಗದ್ಯಭಾಗದ ಪಕ್ಕಕ್ಕೆ ಕಿಂಗ್ ಅವರ ಗದ್ಯವನ್ನೇ ಇಟ್ಟು ನೋಡುವುದು ನ್ಯಾಯ. ಅವರ ಭಾಷಣಗಳು ಪ್ರಸಿದ್ಧವಾಗಿವೆ. ನನಗೆ ಅವುಗಳಿಗಿಂತ ದೊಡ್ಡದೆಂದು ತೋರುವುದು ಅವರು ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರ. ೧೯೬೩ರ ಏಪ್ರಿಲ್ ೧೨ರಂದು, ಗುಡ್ ಫ್ರೈಡೆಯ ದಿನ, ನ್ಯಾಯಾಲಯದ ತಡೆಯಾಜ್ಞೆಯನ್ನು ಮೀರಿ ಮೆರವಣಿಗೆ ಹೊರಟದ್ದಕ್ಕಾಗಿ ಅವರ ಬಂಧನವಾಯಿತು. ಆ ಸಮಯಕ್ಕೆ ಸರಿಯಾಗಿ ಅಲಬಾಮಾದ ಎಂಟು ಮಂದಿ ಬಿಳಿಯ ಧರ್ಮಗುರುಗಳು, ಏಳು ಮಂದಿ ಕ್ರೈಸ್ತರು, ಒಬ್ಬ ಯೆಹೂದಿ, ಪತ್ರಿಕೆಯಲ್ಲಿ ಒಂದು ಹೇಳಿಕೆ ಕೊಟ್ಟರು. ಚಳವಳಿಗೆ ಇದು ಸಮಯವಲ್ಲ, ಹೊರಗಿನವರು ಬಂದು ನಡೆಸುತ್ತಿದ್ದಾರೆ, ಪೋಲೀಸರು ಸಂಯಮದಿಂದ ನಡೆದುಕೊಂಡಿದ್ದಾರೆ ಎಂಬುದು ಅದರ ಸಾರಾಂಶ. ಕಿಂಗ್ ಅವರ ಹೆಸರನ್ನು ಅವರು ಎತ್ತಲಿಲ್ಲ. ಸಭ್ಯರ ಗದ್ಯ ಎಲ್ಲ ಕಾಲದಲ್ಲಿಯೂ ಹೀಗೆಯೇ; ಹೆಸರು ಹೇಳಬೇಕಾದ ಕಡೆ ಅದಕ್ಕೆ ನಾಚಿಕೆ ಬರುತ್ತದೆ.

ಆ ಹೇಳಿಕೆಯನ್ನು ಕಿಂಗ್ ಅವರು ಸೆರೆಮನೆಯಲ್ಲಿ ಓದಿದರು. ಕಾಗದ ಇರಲಿಲ್ಲ. ಪತ್ರಿಕೆಯ ಅಂಚಿನಲ್ಲಿ ಬರೆಯತೊಡಗಿದರು. ಆಮೇಲೆ ಸಿಕ್ಕ ಚೂರುಚಾರು ಕಾಗದದ ಮೇಲೆ. ಕೊನೆಗೆ ವಕೀಲರು ತಂದುಕೊಟ್ಟ ಕಾಗದದ ಮೇಲೆ. ಅದನ್ನು ಗೆಳೆಯರು ಜೋಡಿಸಿ ಬೆರಳಚ್ಚು ಮಾಡಿದರು. ಅಚ್ಚಿಗೆ ಕೊಡುವ ಮುನ್ನ ತಿದ್ದುಪಡಿಗಳೂ ಆದವು. ಪತ್ರದ ಮೇಲಿರುವ ತಾರೀಖು ಏಪ್ರಿಲ್ ೧೬. ಒಂದು ಗದ್ಯಭಾಗವನ್ನು ಓದಿ ಅದಕ್ಕೆ ಬರೆದ ಉತ್ತರವಲ್ಲವೆ ಅದು? ಎಂಟು ಜನ ಬರೆದ ಮಾತುಗಳನ್ನು ಒಂದೊಂದಾಗಿ ಎತ್ತಿಕೊಂಡು, ಹೊರಗಿನವನು ಎಂದರೆ ಏನು, ಸಮಯವಲ್ಲ ಎಂದರೆ ಏನು, ಕಾನೂನು ಎಂದರೆ ಏನು ಎಂದು ಕೇಳುತ್ತ ಹೋಗುತ್ತಾರೆ. ಪೂರ್ವಪಕ್ಷವನ್ನು ಪೂರ್ತಿಯಾಗಿ ಮಂಡಿಸಿ ಆಮೇಲೆ ಖಂಡಿಸುವ ನಮ್ಮ ಭಾಷ್ಯಕಾರರ ಪದ್ಧತಿಯನ್ನು ಬಲ್ಲವರಿಗೆ ಈ ಪತ್ರ ಪರಿಚಿತವೆನ್ನಿಸುತ್ತದೆ. ಎದುರಾಳಿಗಳ ಪ್ರಾಮಾಣಿಕತೆಯನ್ನು ಅವರು ಮೊದಲೇ ಒಪ್ಪಿಕೊಂಡುಬಿಡುತ್ತಾರೆ. ಆಮೇಲೆ ಒಂದು ಪದವನ್ನೂ ಬಿಡುವುದಿಲ್ಲ.

ಪತ್ರದ ಎಲ್ಲ ಭಾಗವೂ ಒಂದೇ ಸಮನಾಗಿದೆಯೆಂದು ಹೇಳಲಾರೆ. ನ್ಯಾಯವಾದ ಕಾನೂನು, ಅನ್ಯಾಯದ ಕಾನೂನು ಎಂದು ವಿಂಗಡಿಸುವಲ್ಲಿ ಅಗಸ್ಟೀನ್, ಅಕ್ವಿನಾಸ್, ಬೂಬರ್, ಟಿಲಿಕ್ ಸಾಲಾಗಿ ಬಂದು ನಿಲ್ಲುತ್ತಾರೆ. ಬಾಸ್ಟನ್ನಿನಲ್ಲಿ ಡಾಕ್ಟರೇಟ್ ಪಡೆದ ವಿದ್ಯಾರ್ಥಿ ಅಲ್ಲಿ ಇಣುಕುತ್ತಾನೆ. ಗ್ರಂಥಾಲಯವಿಲ್ಲದೆ ನೆನಪಿನಿಂದ ಬರೆದದ್ದು ಎಂಬುದನ್ನು ಎಣಿಸಿದರೆ ಆಕ್ಷೇಪಣೆಗೆ ಬಾಯಿ ಬಾರದು. ಆದರೂ ಆ ಪುಟಗಳು ಬುದ್ಧಿಯನ್ನು ಮುಟ್ಟಿದಷ್ಟು ಎದೆಯನ್ನು ಮುಟ್ಟುವುದಿಲ್ಲ.

ಎದೆಯನ್ನು ಮುಟ್ಟುವುದು ಅದಕ್ಕೆ ಹಿಂದಿನ ಒಂದು ವಾಕ್ಯ. ಇಂಗ್ಲಿಷಿನಲ್ಲಿ ೩೦೦ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ. ತಾಳಿ, ಕಾಯಿರಿ ಎಂದು ಉಪದೇಶ ಮಾಡಿದವರಿಗೆ ಕೊಟ್ಟ ಜವಾಬು ಅದು. "ನೀವು" ಇಂಥದನ್ನು ಕಂಡಾಗ, "ನೀವು" ಇಂಥದನ್ನು ಅನುಭವಿಸಿದಾಗ ಎಂದು ಉಪವಾಕ್ಯದ ಮೇಲೆ ಉಪವಾಕ್ಯ ಬರುತ್ತದೆ. ಹೆತ್ತವರನ್ನು ಕೊಂದ ಗುಂಪು ಅಲ್ಲಿದೆ, ಒದೆಯುವ ಪೋಲೀಸರು ಅಲ್ಲಿದ್ದಾರೆ; ಕರ್ತೃ ಎಲ್ಲಿಯೂ ತಪ್ಪಿಸಿಕೊಂಡಿಲ್ಲ. ಅನುಭವಿಸುವವನ ಸ್ಥಾನದಲ್ಲಿ ಮಾತ್ರ ಓದುತ್ತಿರುವ ಬಿಳಿಯ ಧರ್ಮಗುರುವನ್ನೇ ತಂದು ಕೂರಿಸಿದ್ದಾರೆ. ಟೆಲಿವಿಷನ್ನಿನಲ್ಲಿ ಜಾಹೀರಾತು ಕಂಡ ಆರು ವರ್ಷದ ಮಗಳು ಆ ವಿನೋದೋದ್ಯಾನಕ್ಕೆ ಏಕೆ ಹೋಗಬಾರದು ಎಂದು ಕೇಳಿದಾಗ ತಡವರಿಸಬೇಕಾದ ತಂದೆಯೂ "ನೀವು". ಪ್ರಧಾನ ವಾಕ್ಯವಿರುವುದು ಕಟ್ಟಕಡೆಯಲ್ಲಿ. ಕ್ರಿಯಾಪದಕ್ಕಾಗಿ ಕೊನೆಯವರೆಗೂ ಕಾಯುವುದು ಕನ್ನಡಿಗನಿಗೆ ಹೊಸದಲ್ಲ. ಇಂಗ್ಲಿಷ್ ವಾಚಕನಿಗೆ ಅದು ಉಸಿರು ಕಟ್ಟಿಸುವ ಕೆಲಸ. ಕಾಯಿರಿ ಎಂದವರನ್ನೇ ಆ ವಾಕ್ಯ ಕಾಯಿಸುತ್ತದೆ.

ಅದೇ ವಾಕ್ಯದೊಳಗೆ ಹೆಸರಿನ ಮಾತೂ ಬರುತ್ತದೆ. ಎಷ್ಟೇ ವಯಸ್ಸಾದರೂ ಕಪ್ಪು ಗಂಡಸು ಬಿಳಿಯರ ಬಾಯಲ್ಲಿ "ಹುಡುಗ". ಅವನ ಹೆಂಡತಿಗೂ ತಾಯಿಗೂ "ಶ್ರೀಮತಿ" ಎಂಬ ಗೌರವ ಸಲ್ಲುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಎಪ್ಪತ್ತು ವರ್ಷದ ಮುದುಕನನ್ನು ಹತ್ತು ವರ್ಷದ ಹುಡುಗ ಏಕವಚನದಲ್ಲಿ ಕೂಗುತ್ತಿದ್ದುದನ್ನು ಕೇಳಿದವರಿಗೆ ಈ ಭಾಗಕ್ಕೆ ಟಿಪ್ಪಣಿ ಬೇಕಾಗಿಲ್ಲ.

ಮತ್ತೆ ಅಭ್ಯಾಸ ಪುಸ್ತಕಕ್ಕೆ ಬರೋಣ. ಅದರಲ್ಲಿ ರೋಸಾ ಪಾರ್ಕ್ಸ್ ಎಂಬಾಕೆಗೆ ಒಂದೂವರೆ ಸಾಲು ಸಿಕ್ಕಿದೆ: ದಣಿದಿದ್ದ ಹೊಲಿಗೆಯ ಹೆಂಗಸು, ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲಿಲ್ಲ. ೧೯೫೫ರ ಡಿಸೆಂಬರ್ ೧ರಂದು ಮಾಂಟ್‌ಗೊಮರಿಯಲ್ಲಿ ಆಕೆ ಏಳಲಿಲ್ಲವೆಂಬುದು ನಿಜ. ಆದರೆ ಆಕೆ ವರ್ಷಗಟ್ಟಲೆ ಕಪ್ಪು ಜನರ ಹಕ್ಕುಗಳ ಸಂಘದ ಸ್ಥಳೀಯ ಶಾಖೆಯಲ್ಲಿ ಕಾರ್ಯದರ್ಶಿಯಾಗಿ ದುಡಿದವರು. ಅದೇ ವರ್ಷದ ಬೇಸಗೆಯಲ್ಲಿ ಹೈಲ್ಯಾಂಡರ್ ಶಾಲೆಯ ತರಬೇತಿಗೂ ಹೋಗಿಬಂದಿದ್ದರು. ತಾನು ಮೈ ದಣಿದು ಕುಳಿತವಳಲ್ಲ, ಬಗ್ಗಿ ಬಗ್ಗಿ ದಣಿದಿದ್ದವಳು ಎಂಬ ಅರ್ಥದ ಮಾತನ್ನು ಆಕೆಯೇ ಆಮೇಲೆ ಬರೆದರು. ದಣಿದ ಹೆಂಗಸು ಎಂದರೆ ಓದುವವರಿಗೆ ಮರುಕ ಬರುತ್ತದೆ. ಆಲೋಚಿಸಿದ ಹೆಂಗಸು ಎಂದರೆ ಬರುವ ಭಾವ ಬೇರೆ. ಗದ್ಯಭಾಗಕ್ಕೆ ಮರುಕ ಸಾಕು.

ಆ ರಾತ್ರಿ ನಡೆದ ಇನ್ನೊಂದು ಸಂಗತಿಯನ್ನು, ಪಾಠ ಹೇಳಿ ಹೊಟ್ಟೆ ಹೊರೆಯುವವನಾದ್ದರಿಂದ, ನಾನು ಬಿಡಲಾರೆ. ಪಾರ್ಕ್ಸ್ ಅವರ ಬಂಧನದ ಸುದ್ದಿ ತಿಳಿದೊಡನೆ ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆ್ಯನ್ ರಾಬಿನ್ಸನ್ ಅವರು ಒಬ್ಬ ಸಹೋದ್ಯೋಗಿಯನ್ನೂ ಇಬ್ಬರು ವಿದ್ಯಾರ್ಥಿಗಳನ್ನೂ ಕಟ್ಟಿಕೊಂಡು, ಬೆಳಗಿನವರೆಗೂ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಹತ್ತಾರು ಸಾವಿರ ಕರಪತ್ರಗಳನ್ನು ತೆಗೆದರು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂಬುದೇ ಅದರ ಒಕ್ಕಣೆ. ಬಸ್ಸಿನ ಬಹಿಷ್ಕಾರ ೩೮೧ ದಿನ ನಡೆಯಿತು. ಅದಕ್ಕೆ ಮುಖಂಡರಾಗಿ ಆರಿಸಿ ಬಂದಾಗ ಕಿಂಗ್ ಅವರಿಗೆ ೨೬ ವರ್ಷ. ಆ ಊರಿಗೆ ಹೊಸಬರು. ಇಂಗ್ಲಿಷ್ ಅಧ್ಯಾಪಕಿಯೊಬ್ಬಳು ಬರೆದ ಆ ಕರಪತ್ರಕ್ಕೆ ಇಂಗ್ಲಿಷ್ ಪಾಠದಲ್ಲಿ ಜಾಗವಿಲ್ಲ.

ಉಳಿದ ಲೋಪಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ೧೯೬೩ರ ಆಗಸ್ಟ್ ೨೮ರ ವಾಷಿಂಗ್ಟನ್ ಮೆರವಣಿಗೆ ಕನಸಿನ ಭಾಷಣಕ್ಕಾಗಿ ಮಾತ್ರ ಉಳಿದಿದೆ. ಉದ್ಯೋಗ ಮತ್ತು ಸ್ವಾತಂತ್ರ್ಯ ಎಂಬ ಅದರ ಹೆಸರಿನಲ್ಲಿ ಉದ್ಯೋಗ ಬಿದ್ದುಹೋಗಿದೆ, ಗಂಟೆಗೆ ೨ ಡಾಲರ್ ಕನಿಷ್ಠ ಕೂಲಿ ಬೇಕೆಂಬ ಬೇಡಿಕೆಯಂತೂ ಇಲ್ಲವೇ ಇಲ್ಲ. ೧೯೬೭ರಲ್ಲಿ ವಿಯಟ್ನಾಂ ಯುದ್ಧವನ್ನು ಖಂಡಿಸಿ ಸ್ನೇಹಿತರನ್ನೂ ಕಳೆದುಕೊಂಡದ್ದು ಇಲ್ಲ. ೧೯೬೮ರ ಏಪ್ರಿಲ್ ೪ರಂದು ಮೆಂಫಿಸ್ ಎಂಬಲ್ಲಿ ತೀರಿಕೊಂಡರೆಂದಿದೆ. ಮೆಂಫಿಸಿಗೆ ಹೋದದ್ದೇಕೆ? ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಇಬ್ಬರು ಸತ್ತ ಮೇಲೆ ಮುಷ್ಕರ ಹೂಡಿದ್ದ ನಗರದ ಪೌರಕಾರ್ಮಿಕರ ಜೊತೆಯಲ್ಲಿ ನಿಲ್ಲುವುದಕ್ಕೆ.

ಇವೆಲ್ಲ ದೂರದ ದೇಶದ ವಿವರಗಳೆಂದು ಬಿಟ್ಟರೆನ್ನೋಣ. ಭಾರತದ ಮಕ್ಕಳಿಗೆ ಬರೆದ ಪುಸ್ತಕದಲ್ಲಿ ಕಿಂಗ್ ಅವರು ಭಾರತಕ್ಕೆ ಬಂದ ಕಥೆಯನ್ನು ಬಿಟ್ಟದ್ದಕ್ಕೆ ಏನು ಸಮಾಧಾನ? ೧೯೫೯ರ ಫೆಬ್ರವರಿಯಲ್ಲಿ ಅವರು ಪತ್ನಿಯೊಡನೆ ಇಲ್ಲಿಗೆ ಬಂದರು, ಒಂದು ತಿಂಗಳು ಸುತ್ತಿದರು. ತಿರುವನಂತಪುರದ ಒಂದು ಶಾಲೆಗೆ ಹೋದಾಗ, ಅಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರು ಅಸ್ಪೃಶ್ಯರೆನ್ನಿಸಿಕೊಂಡವರ ಮಕ್ಕಳು, ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ನಮ್ಮಂಥ ಒಬ್ಬ ಅಸ್ಪೃಶ್ಯ ಎಂದು ಪರಿಚಯಿಸಿದರಂತೆ. ಪ್ರಧಾನ ಮಂತ್ರಿಯ ಮನೆಯಲ್ಲಿ ಊಟ ಮಾಡಿ ಬಂದ ಅತಿಥಿಗೆ ಒಂದು ಕ್ಷಣ ಚುರುಕ್ಕೆಂದಿತು. ಆಮೇಲೆ ತನ್ನ ದೇಶದ ತನ್ನ ಜನರನ್ನು ನೆನೆದು, ಹೌದು, ನಾನು ಅಸ್ಪೃಶ್ಯನೇ ಎಂದುಕೊಂಡರು. ೧೯೬೫ರಲ್ಲಿ ಅಟ್ಲಾಂಟಾದ ತಮ್ಮ ಚರ್ಚಿನಲ್ಲಿ ಉಪದೇಶ ಮಾಡುತ್ತ ಇದನ್ನು ಅವರೇ ಹೇಳಿದರು. ಒಂದು ಪದಕ್ಕೆ ಅರ್ಥ ತಿಳಿಯುವುದೆಂದರೆ ಇದು. ಮೊದಲು ಅದು ಚುಚ್ಚಬೇಕು. ನಮ್ಮ ಗದ್ಯಭಾಗದಲ್ಲಿ ಅಮೆರಿಕ ಎಲ್ಲಿಯೋ ಇದೆ, ಅಲ್ಲಿ ಏನೋ ನಡೆಯಿತು, ನಮ್ಮ ಹುಡುಗರು ವಿರುದ್ಧ ಪದ ಬರೆದು ಎರಡು ಅಂಕ ತೆಗೆದುಕೊಳ್ಳಬೇಕು.

ಪ್ರಶ್ನೆಪತ್ರಿಕೆ ಮಾಡುವವರ ಕಷ್ಟ ನನಗೆ ತಿಳಿಯದ್ದಲ್ಲ. ಸಾವಿರಾರು ಉತ್ತರಪತ್ರಿಕೆಗಳನ್ನು ಹಲವು ಜನ ತಿದ್ದುವಾಗ ಒಬ್ಬೊಬ್ಬರದು ಒಂದೊಂದು ಅಳತೆಯಾಗಬಾರದು. ಉತ್ತರ ಗದ್ಯಭಾಗದ ಒಳಗೇ ಇರಬೇಕು. ಅಭಿಧೆಯನ್ನು ಅಳೆಯಬಹುದು, ಧ್ವನಿಯನ್ನು ಅಳೆಯುವ ಕೋಲು ಯಾರಲ್ಲಿದೆ? ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ವ್ಯಾಖ್ಯಾನಕಾರ ಒಂದು ಪದ್ಯಕ್ಕೆ ಅರ್ಧ ಗಂಟೆ ತೆಗೆದುಕೊಂಡರೂ ಯಾರೂ ಗಡಿಯಾರ ನೋಡುವುದಿಲ್ಲ. ಪರೀಕ್ಷೆಯ ಕೊಠಡಿ ದೇವಸ್ಥಾನದ ಜಗಲಿಯಲ್ಲವಷ್ಟೆ.

ಕಾರಣ, ನಾನೂ ಅದೇ ಕೆಲಸ ಮಾಡಿದವನು. ಕೆಲವು ವರ್ಷಗಳ ಹಿಂದೆ ಕಾಲೇಜಿನ ಕನ್ನಡ ಪತ್ರಿಕೆಗೆ ಗಾಂಧೀಜಿಯವರ ಬಗ್ಗೆ ಒಂದು ಗದ್ಯಭಾಗವನ್ನು ನಾನೇ ಬರೆದೆ. ೧೮೯೩ರ ಜೂನ್ ೭ರ ರಾತ್ರಿ, ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರದಬ್ಬಿದ ಪ್ರಸಂಗ. ಪ್ರಶ್ನೆ: ಗಾಂಧೀಜಿಯವರನ್ನು ಏಕೆ ಹೊರದಬ್ಬಲಾಯಿತು? ನಾನು ಸಿದ್ಧಪಡಿಸಿದ್ದ ಉತ್ತರ: ಮೊದಲನೆಯ ದರ್ಜೆಯ ಡಬ್ಬಿಯಲ್ಲಿ ಕುಳಿತಿದ್ದುದರಿಂದ. ಒಬ್ಬ ವಿದ್ಯಾರ್ಥಿ ಬರೆದಿದ್ದ: "ಕುಳಿತದ್ದಕ್ಕಲ್ಲ, ಟಿಕೆಟು ಇತ್ತು. ಕುಳಿತವರು ಅವರಾದದ್ದಕ್ಕೆ." ಎರಡು ಅಂಕದ ಪ್ರಶ್ನೆ. ನಾನು ಅರ್ಧ ಅಂಕ ಕೊಟ್ಟು, ಪಕ್ಕದಲ್ಲಿ "ಗದ್ಯಭಾಗದಲ್ಲಿ ಇಲ್ಲ" ಎಂದು ಕೆಂಪು ಮಸಿಯಲ್ಲಿ ಬರೆದೆ. "ಹೊರದಬ್ಬಲಾಯಿತು" ಎಂದು ಬರೆದವನೂ ನಾನೇ ಎಂಬುದು ಹುಡುಗಿಯ ಪುಸ್ತಕ ನೋಡುವವರೆಗೆ ನನಗೆ ಹೊಳೆದಿರಲಿಲ್ಲ. ಆ ವಿದ್ಯಾರ್ಥಿ ಅಂಕಪಟ್ಟಿ ತೆಗೆದುಕೊಂಡು ಹೋಗಿ ಎಷ್ಟೋ ದಿನವಾಗಿದೆ.

ಎದುರು ಮನೆಯ ಹುಡುಗಿಗೆ ಇಷ್ಟನ್ನೂ ಹೇಳಲಿಲ್ಲ. ಬರ್ಮಿಂಗ್‌ಹ್ಯಾಮಿನ ಪತ್ರದಲ್ಲಿ ಆ ಉದ್ದದ ವಾಕ್ಯವಿರುವ ಪುಟ ತೆಗೆದುಕೊಟ್ಟೆ. ನಿಂತುಕೊಂಡೇ ಓದಿದಳು, ಎರಡು ಕಡೆ ಅರ್ಥ ಕೇಳಿದಳು. ಓದಿ ಮುಗಿಸಿ, "ಇದು ಪರೀಕ್ಷೆಗೆ ಬರೋದಿಲ್ಲ ಅಲ್ವಾ ಸಾರ್?" ಎಂದಳು. ಬರುವುದಿಲ್ಲ ಎಂದೆ. ಪುಸ್ತಕವನ್ನು ಭಾನುವಾರದವರೆಗೆ ಇಟ್ಟುಕೊಳ್ಳಲೇ ಎಂದು ಕೇಳಿ ತೆಗೆದುಕೊಂಡು ಹೋದಳು. ಹೋಗುವ ಮುಂಚೆ, ಮೂರನೆಯ ಪ್ರಶ್ನೆಗೆ ಅಚ್ಚಿನಲ್ಲಿದ್ದ ಉತ್ತರವನ್ನೇ ಬರೆದುಕೊಂಡಳು. ನಾನೂ ಬೇಡವೆನ್ನಲಿಲ್ಲ.